ಜರಡಿಗೆ ಕಟ್ಟಳೆ ಏಕೆ

ಡೇಟಾಬೇಸುಗಳ ಪೋಷಣೆಯನ್ನೇ ವೃತ್ತಿಯಾಗಿ ಹಿಡಿದು ಬಹುವರ್ಷಗಳನ್ನು ಕಳೆದಿರುವ ನನಗೆ, ಈ ಕ್ಷೇತ್ರಕ್ಕೆ ಹೊಸದಾಗಿ ಬಂದ ತರುಣರಿಂದ ಪದೇ ಪದೇ ಕೇಳಿಬರುವ ಒಂದು ಆಕ್ಷೇಪಣೆಗೆ ಬಹಿರಂಗವಾಗಿ ಉತ್ತರ ಹೇಳಬೇಕೆಂದು ಕೆಲವು ಕಾಲದಿಂದ ಅನಿಸುತ್ತಿದೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸು ಒಂದೆಡೆಯ ದಾಖಲೆಗಳನ್ನು ಪ್ರತಿಮಾಡಿ ಮತ್ತೊಂದೆಡೆಗೆ ಕಳುಹಿಸುವಾಗ, ಯಾವ ಸಾಲು ಹೋಗತಕ್ಕದ್ದು, ಯಾವುದು ಉಳಿಯತಕ್ಕದ್ದು ಎಂಬುದನ್ನು ನಿರ್ಣಯಿಸುವ ಷರತ್ತಿನೊಳಗೆ ನಾವು ಸ್ವತಃ ಬರೆದ ಫಂಕ್ಷನ್ನುಗಳಿಗೆ ಪ್ರವೇಶ ಕೊಡುವುದಿಲ್ಲ. ಇದು ನಿಷ್ಕಾರಣವಾದ ಬಿಗಿ ಎಂಬುದು ಅವರ ದೂರು. ಬಿಗಿಯೇನೋ ಉಂಟು; ನಿಷ್ಕಾರಣವಲ್ಲ ಎಂಬುದು ನನ್ನ ನಂಬಿಕೆ. ಎಂಜಿನಿಯರುಗಳ ಒಳಮನೆಯ ಈ ಚರ್ಚೆ ದಿನಪತ್ರಿಕೆಯ ಓದುಗರಿಗೆ ಏತಕ್ಕೆ ಎಂದು ಕೇಳಬಹುದು. ವಿದ್ಯಾರ್ಥಿವೇತನ, ಪಿಂಚಣಿ, ಆಸ್ಪತ್ರೆಯ ಚೀಟಿ, ಬ್ಯಾಂಕಿನ ಜಮೆ ಮುಂತಾದ ನಮ್ಮ ಬಾಳಿನ ವ್ಯವಹಾರಗಳೆಲ್ಲ ಇಂದು ಇಂಥ ಸಾಲುಗಳಾಗಿ ಒಂದು ಯಂತ್ರದಿಂದ ಮತ್ತೊಂದಕ್ಕೆ ಹರಿಯುತ್ತಿರುವುದರಿಂದ, ದಾಟಬೇಕಾದ ಒಂದು ಸಾಲು ದಾಟದೆ ಹೋದರೆ ತೊಂದರೆ ಯಂತ್ರಕ್ಕಲ್ಲ, ಆ ಸಾಲಿನಲ್ಲಿ ಹೆಸರಿರುವ ಮನುಷ್ಯನಿಗೆ.

ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್ಲಿಯಲ್ಲಿ 1986ರಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ನೇತೃತ್ವದಲ್ಲಿ ಮೊದಲಾದ ಪೋಸ್ಟ್‌ಗ್ರೆಸ್ ಯೋಜನೆ, 1996ರಲ್ಲಿ ಪೋಸ್ಟ್‌ಗ್ರೆಸ್‌ಕ್ಯುಎಲ್ ಎಂಬ ಹೆಸರನ್ನು ತಳೆದು, ಯಾವೊಂದು ಕಂಪನಿಯ ಸ್ವತ್ತೂ ಆಗದೆ ನಾನಾ ದೇಶಗಳ ಪ್ರೋಗ್ರಾಮರುಗಳ ಕೂಡುದುಡಿಮೆಯಿಂದ ಬೆಳೆಯುತ್ತಾ ಬಂದಿದೆ. ಇದರ ಕಾರ್ಯವಿಧಾನ ಮಂಡಿಯ ಗುಮಾಸ್ತನಿಗೆ ಅಪರಿಚಿತವಲ್ಲ. ಏನೇ ಬದಲಾವಣೆಯಾಗಲಿ, ಅದು ಮೊದಲು ಕಿರ್ದಿಗೆ ಏರಬೇಕು, ಅನಂತರ ಖಾತೆಗೆ. ಇಲ್ಲಿ ಆ ಕಿರ್ದಿಗೆ ವಾಲ್ ಎಂದು ಹೆಸರು. 2010ರಲ್ಲಿ ಬಂದ 9.0 ಆವೃತ್ತಿಯಲ್ಲಿ ಈ ಕಿರ್ದಿಯನ್ನು ಅಕ್ಷರಶಃ ಇನ್ನೊಂದು ಯಂತ್ರಕ್ಕೆ ಹರಿಸಿ ಇಡೀ ಡೇಟಾಬೇಸಿನ ತದ್ರೂಪನ್ನು ನಿಲ್ಲಿಸುವ ಸೌಕರ್ಯ ದೊರೆಯಿತು, 2014ರ 9.4ರಲ್ಲಿ ಕಿರ್ದಿಯ ಗೂಢಲಿಪಿಯನ್ನು ಬಿಡಿಸಿ, ಇಂಥ ಟೇಬಲ್ಲಿನ ಇಂಥ ಸಾಲು ಹೀಗೆ ಬದಲಾಯಿತು ಎಂದು ಅರ್ಥೈಸಿ ಹೇಳುವ ಶಕ್ತಿ ಬಂದಿತು. 2017ರ ಹತ್ತನೆಯ ಆವೃತ್ತಿ ಆ ಶಕ್ತಿಯ ಆಧಾರದಿಂದಲೇ ಬೇಕಾದ ಟೇಬಲ್ಲುಗಳನ್ನು ಮಾತ್ರ ಕಳುಹಿಸುವ ಲಾಜಿಕಲ್ ರೆಪ್ಲಿಕೇಶನ್ನನ್ನು ಒಳಗೊಂಡಿತು. ಒಂದು ಟೇಬಲ್ಲಿನೊಳಗೂ ಬೇಕಾದ ಸಾಲುಗಳನ್ನಷ್ಟೇ ಆರಿಸಿ ಕಳುಹಿಸುವ ಜರಡಿ ದೊರೆತದ್ದು 2022ರ ಅಕ್ಟೋಬರಿನಲ್ಲಿ ಹೊರಬಂದ ಹದಿನೈದನೆಯ ಆವೃತ್ತಿಯಲ್ಲಿ.

ಜರಡಿಯ ರೂಪ ಅತ್ಯಂತ ಸರಳ. ಕಳುಹಿಸುವ ಕಡೆಯಲ್ಲಿ ಟೇಬಲ್ಲಿನ ಹೆಸರಿನ ಮುಂದೆ, ಜಿಲ್ಲೆಯ ಕಾಲಂ ‘ಧಾರವಾಡ’ ಎಂದಿದ್ದರೆ ಎಂಬಂಥ ಒಂದು ಷರತ್ತನ್ನು ಬರೆದಿಟ್ಟರಾಯಿತು. ಆ ಷರತ್ತಿಗೆ ಹೌದೆಂದು ಉತ್ತರ ಕೊಟ್ಟ ಸಾಲು ಹೊರಡುತ್ತದೆ, ಉಳಿದವು ಅಲ್ಲಿಯೇ ನಿಲ್ಲುತ್ತವೆ. ಆದರೆ ಆ ಷರತ್ತಿನೊಳಗೆ ಏನೇನು ಬರಬಹುದೆಂಬುದಕ್ಕೆ ಕಟ್ಟುನಿಟ್ಟಾದ ಎಲ್ಲೆಯುಂಟು. ಡೇಟಾಬೇಸಿನೊಡನೆ ಹುಟ್ಟಿಬಂದ ಮಾದರಿಗಳು, ಚಿಹ್ನೆಗಳು, ಫಂಕ್ಷನ್ನುಗಳು ಸಲ್ಲುತ್ತವೆ. ಬಳಕೆದಾರರು ಸ್ವತಃ ನಿರ್ಮಿಸಿಕೊಂಡ ಫಂಕ್ಷನ್ನು, ಚಿಹ್ನೆ, ಮಾದರಿ, ಅಕ್ಷರಾನುಕ್ರಮಗಳು ಸಲ್ಲವು. ಹುಟ್ಟಿಬಂದ ಫಂಕ್ಷನ್ನುಗಳಲ್ಲಿಯೂ, ಒಂದೇ ಪ್ರಶ್ನೆಗೆ ಎಂದೆಂದಿಗೂ ಒಂದೇ ಉತ್ತರವನ್ನು ಕೊಡತಕ್ಕ, ಇಮ್ಯೂಟಬಲ್ ಎನಿಸಿಕೊಂಡವುಗಳಿಗೆ ಮಾತ್ರ ಒಳಪ್ರವೇಶ. ಈಗ ಗಂಟೆಯೆಷ್ಟು ಎಂದು ಹೇಳುವ ಫಂಕ್ಷನ್ನು ಕ್ಷಣಕ್ಕೊಂದು ಉತ್ತರ ಕೊಡುವುದರಿಂದ ಅದಕ್ಕೆ ಬಾಗಿಲು ಮುಚ್ಚಿದೆ. ಮತ್ತೊಂದು ಟೇಬಲ್ಲಿನಲ್ಲಿ ಇಣಿಕಿ ನೋಡಿ ಬರುತ್ತೇನೆಂದರೆ ಅದಕ್ಕೂ ಅವಕಾಶವಿಲ್ಲ.

ಈ ಎಲ್ಲೆಯ ಬೆಲೆ ನನಗೆ ತಿಳಿದುಬಂದದ್ದು, ಎಲ್ಲೆಯಿಲ್ಲದಿದ್ದ ಕಾಲದಲ್ಲಿ. 2019ರಲ್ಲಿ ಬೆಂಗಳೂರಿನ ಒಂದು ಕಚೇರಿಯಲ್ಲಿ, ವಿದ್ಯಾರ್ಥಿವೇತನದ ಅರ್ಜಿಗಳ ಮುಖ್ಯ ಡೇಟಾಬೇಸಿನಿಂದ ಆಯಾ ಜಿಲ್ಲೆಯ ಅರ್ಜಿಗಳನ್ನು ಆಯಾ ಜಿಲ್ಲೆಯ ಪ್ರತಿಗೆ ರವಾನಿಸುವ ಹೊಣೆ ನನ್ನದಾಗಿತ್ತು. ಮೂಲ ಪೋಸ್ಟ್‌ಗ್ರೆಸ್ಸಿನಲ್ಲಿ ಆಗ ಜರಡಿಯಿರಲಿಲ್ಲವಾದ್ದರಿಂದ ಹೊರಗಿನ ಒಂದು ಎಕ್ಸ್‌ಟೆನ್ಶನ್ನನ್ನು ಜೋಡಿಸಿಕೊಂಡಿದ್ದೆವು. ಅದರ ಜರಡಿಯಲ್ಲಿ ಯಾವ ಫಂಕ್ಷನ್ನನ್ನು ಬೇಕಾದರೂ ಬರೆಯಬಹುದಾಗಿತ್ತು. ನಾನು ಬರೆದ ಫಂಕ್ಷನ್ನು ಅರ್ಜಿಯ ಪಿನ್ ಕೋಡನ್ನು ಸಂಖ್ಯೆಯಾಗಿ ಪರಿವರ್ತಿಸಿ, ಅದು ಯಾವ ಜಿಲ್ಲೆಯ ವ್ಯಾಪ್ತಿಗೆ ಬರುತ್ತದೆಂದು ನೋಡಿ ಹೌದು ಅಥವಾ ಇಲ್ಲ ಎನ್ನುತ್ತಿತ್ತು. ಹಲವು ತಿಂಗಳು ಯಾವ ವಿಘ್ನವೂ ಇಲ್ಲದೆ ನಡೆಯಿತು. ಒಂದು ರಾತ್ರಿ ಹತ್ತು ಗಂಟೆಯ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ರವಾನೆ ಏಕಕಾಲದಲ್ಲಿ ನಿಂತುಹೋಯಿತು. ಲಾಗನ್ನು ತೆರೆದರೆ ಒಂದೇ ಎರರ್ ಕೆಲವು ಸೆಕೆಂಡುಗಳಿಗೊಮ್ಮೆ ಮರಳಿ ಮರಳಿ ಬೀಳುತ್ತಿದೆ: ಕೊಟ್ಟ ಬರವಣಿಗೆ ಪೂರ್ಣಾಂಕವಾಗಲಾರದು. ಆ ಬರವಣಿಗೆಯನ್ನು ನೋಡಿದೆವು. ಧಾರವಾಡದ ಒಬ್ಬ ವಿದ್ಯಾರ್ಥಿ ತನ್ನ ಪಿನ್ ಕೋಡನ್ನು ಕನ್ನಡದ ಅಂಕಿಗಳಲ್ಲಿ, ‘೫೮೦೦೦೧’ ಎಂದು, ಸ್ಫುಟವಾಗಿ ಟೈಪು ಮಾಡಿದ್ದ. ಅವನು ಮಾಡಿದ್ದರಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಅರ್ಜಿಯ ನಮೂನೆ ಅದನ್ನು ಒಪ್ಪಿಕೊಂಡಿತ್ತು, ಟೇಬಲ್ಲೂ ಒಪ್ಪಿಕೊಂಡಿತ್ತು. ಒಪ್ಪದೆ ಹೋದದ್ದು ನಾನು ಬರೆದ ಫಂಕ್ಷನ್ನು ಒಂದೇ.

ಕನ್ನಡದ ಅಂಕಿಗಳನ್ನೂ ಓದುವಂತೆ ಫಂಕ್ಷನ್ನನ್ನು ತಿದ್ದುವುದು ಹತ್ತು ನಿಮಿಷದ ಕೆಲಸವಾಯಿತು. ಆದರೂ ರವಾನೆ ಹೊರಡಲಿಲ್ಲ. ನನ್ನ ಜೊತೆಯಲ್ಲಿದ್ದ ಕಿರಿಯ ಸಹೋದ್ಯೋಗಿ, “ಸಾರ್, ಫಂಕ್ಷನ್ ಸರಿಯಾಗಿದೆ, ನಾನೇ ಓಡಿಸಿ ನೋಡಿದೆ, ಅದೇ ಸಾಲಿಗೆ ಧಾರವಾಡ ಅಂತಲೇ ಉತ್ತರ ಬರ್ತಿದೆ, ಆದರೂ ಲಾಗಿನಲ್ಲಿ ಹಳೇ ಎರರ್ರೇ ಬರ್ತಿದೆಯಲ್ಲ?” ಎಂದರು. ಅವರ ಮುಖದ ಮೇಲಿದ್ದ ದಿಗ್ಭ್ರಮೆ ನನ್ನ ಮುಖದ ಮೇಲೂ ಇದ್ದಿರಬೇಕು. ಇತ್ತ ಡಿಸ್ಕು ತುಂಬುತ್ತಿತ್ತು. ಪ್ರತಿಯನ್ನು ಪಡೆಯುವವನು ಎಲ್ಲಿಯವರೆಗೆ ಓದಿದ್ದಾನೆಂಬ ಗುರುತಿಗೆ ಸ್ಲಾಟ್ ಎಂದು ಹೆಸರು. ಆ ಗುರುತಿನಿಂದ ಮುಂದಿನ ಕಿರ್ದಿಯನ್ನು ಡೇಟಾಬೇಸು ಎಸೆಯಲಾರದು. ಹದಿನಾರು ಮೆಗಾಬೈಟಿನ ತುಂಡುಗಳು ಒಂದರ ಹಿಂದೊಂದು ಪೇರಿಸಿಕೊಳ್ಳುತ್ತಾ ಹೋದವು. ಇಂಥ ಶೇಖರಣೆಗೆ ಮಿತಿಯನ್ನು ಹಾಕುವ ಅನುಕೂಲ 2020ರ ಹದಿಮೂರನೆಯ ಆವೃತ್ತಿಯಲ್ಲಿ ಬಂದಿತು. ಆ ರಾತ್ರಿ ನಮ್ಮ ಕೈಯಲ್ಲಿ ಅದಿರಲಿಲ್ಲ. ಡಿಸ್ಕು ಪೂರ್ತಿ ತುಂಬಿದ್ದರೆ ರವಾನೆಯ ಮಾತಿರಲಿ, ಮುಖ್ಯ ಡೇಟಾಬೇಸೇ ನಿಂತು, ಹೊಸ ಅರ್ಜಿಯೊಂದನ್ನೂ ತೆಗೆದುಕೊಳ್ಳಲಾಗದ ಸ್ಥಿತಿ ಒದಗುತ್ತಿತ್ತು. ನಸುಕಿನ ಹೊತ್ತಿಗೆ ಸ್ಲಾಟುಗಳನ್ನು ಅಳಿಸಿ, ಅಷ್ಟೂ ಜಿಲ್ಲೆಗಳ ಪ್ರತಿಗಳನ್ನು ಮೊದಲಿನಿಂದ ತುಂಬತೊಡಗಿದೆವು. ಅದು ಮುಗಿಯಲು ಮತ್ತೂ ಎರಡು ದಿನ ಹಿಡಿಯಿತು.

ತಿದ್ದಿದ ಮೇಲೆಯೂ ಎರರ್ ಏಕೆ ನಿಲ್ಲಲಿಲ್ಲ? ಈ ಪ್ರಶ್ನೆಯ ಉತ್ತರದಲ್ಲಿಯೇ ಕಟ್ಟಳೆಯ ಸಮರ್ಥನೆ ಅಡಗಿದೆ. ಕಿರ್ದಿಯನ್ನು ಓದಿ ಅರ್ಥೈಸುವ ಪ್ರಕ್ರಿಯೆ ವರ್ತಮಾನದಲ್ಲಿ ನಿಂತು ನಡೆಯುವಂಥದಲ್ಲ. ಹತ್ತು ಗಂಟೆಗೆ ಬರೆದ ಒಂದು ನಮೂದನ್ನು ಹನ್ನೆರಡು ಗಂಟೆಗೆ ಓದುವಾಗ, ಹತ್ತು ಗಂಟೆಯಲ್ಲಿ ಟೇಬಲ್ಲಿಗೆ ಎಷ್ಟು ಕಾಲಂಗಳಿದ್ದುವು, ಯಾವುದಕ್ಕೆ ಯಾವ ಹೆಸರಿತ್ತು ಎಂಬುದು ತಿಳಿಯದೆ ಅದರ ಅರ್ಥವನ್ನು ಬಿಡಿಸಲಾಗದು. ಆದಕಾರಣ ಆ ಪ್ರಕ್ರಿಯೆ ಡೇಟಾಬೇಸಿನ ಆಂತರಿಕ ಪಟ್ಟಿಗಳನ್ನೆಲ್ಲ ಆ ಹತ್ತು ಗಂಟೆಯಲ್ಲಿ ಅವು ಹೇಗಿದ್ದವೋ ಹಾಗೆಯೇ ಕಾಣುತ್ತದೆ. ಫಂಕ್ಷನ್ನುಗಳೂ ಅಂಥ ಒಂದು ಪಟ್ಟಿಯೊಳಗೇ ಇರತಕ್ಕವು. ನಾವು ಹನ್ನೊಂದಕ್ಕೆ ತಿದ್ದಿದ ಫಂಕ್ಷನ್ನು ಹತ್ತು ಗಂಟೆಯ ಲೋಕದಲ್ಲಿ ಇನ್ನೂ ಹುಟ್ಟಿಯೇ ಇಲ್ಲ. ಅಲ್ಲಿರುವುದು ತಪ್ಪಿನಿಂದ ಕೂಡಿದ ಹಳೆಯದೇ. ಆ ಸಾಲನ್ನು ದಾಟಿ ಮುಂದೆ ಹೋದ ಹೊರತು ಹೊಸದು ಕಾಣುವುದಿಲ್ಲ. ಹಳೆಯದರಿಂದ ಆ ಸಾಲನ್ನು ದಾಟಲು ಸಾಧ್ಯವಿಲ್ಲ. ಫಂಕ್ಷನ್ನನ್ನು ಅಳಿಸಿ ಮತ್ತೆ ಸೃಷ್ಟಿಸಿದರೂ ಗತಿ ಇದೇ. ಇನ್ನು, ಫಂಕ್ಷನ್ನಿನೊಳಗಿಂದ ಬೇರೊಂದು ಟೇಬಲ್ಲಿನಲ್ಲಿ ಏನಿದೆ ಎಂದು ಕೇಳಿದರೆ ಸಂಕಟ ಮತ್ತೊಂದು ಬಗೆಯದು: ಪೂರ್ವಸ್ಥಿತಿಯ ಆ ನೋಟ ದೊರೆಯುವುದು ಆಂತರಿಕ ಪಟ್ಟಿಗಳಿಗೇ ವಿನಾ ಬಳಕೆದಾರರ ಟೇಬಲ್ಲುಗಳಿಗಲ್ಲ, ಅಲ್ಲಿಂದ ಬರುವ ಉತ್ತರವನ್ನು ನೆಚ್ಚುವಂತಿಲ್ಲ.

ತರುಣ ಮಿತ್ರರ ಆಕ್ಷೇಪಣೆಗಳಲ್ಲಿ ಗಂಭೀರವಾದದ್ದು ಒಂದಿದೆ. ಅದನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಇದೇ ಪೋಸ್ಟ್‌ಗ್ರೆಸ್ ಸಾಲುಗಳನ್ನು ಬೇಗ ಹುಡುಕಲು ಕಟ್ಟುವ ಇಂಡೆಕ್ಸುಗಳಲ್ಲಿ ನಮ್ಮ ಸ್ವಂತ ಫಂಕ್ಷನ್ನುಗಳನ್ನು, ಅವು ಇಮ್ಯೂಟಬಲ್ ಎಂದು ನಾವು ಘೋಷಿಸಿದರೆ ಸಾಕು, ಸ್ವೀಕರಿಸುತ್ತದೆ. ಇಂಡೆಕ್ಸಿಗೆ ಸಲ್ಲುವ ನಮ್ಮ ಮಾತು ಜರಡಿಗೆ ಏಕೆ ಸಲ್ಲದು ಎಂದು ಅವರು ಕೇಳುತ್ತಾರೆ. ತಪ್ಪು ಯಾರ ಕಣ್ಣೆದುರಿಗೆ, ಯಾವ ಕ್ಷಣದಲ್ಲಿ ಪ್ರಕಟವಾಗುತ್ತದೆ ಎಂಬುದರಲ್ಲಿ ವ್ಯತ್ಯಾಸವಿದೆ. ಇಂಡೆಕ್ಸಿನ ಫಂಕ್ಷನ್ನು ಎಡವಿದರೆ, ಸಾಲನ್ನು ಬರೆಯಲು ಹೊರಟವನಿಗೆ ಅಲ್ಲಿಯೇ ಆಗಲೇ ಎರರ್ ಬರುತ್ತದೆ, ಸಾಲು ದಾಖಲಾಗುವುದಿಲ್ಲ, ಅವನು ತಿದ್ದಿಕೊಂಡು ಪುನಃ ಪ್ರಯತ್ನಿಸಬಹುದು. ಜರಡಿಯ ಫಂಕ್ಷನ್ನು ಎಡವುವುದಾದರೋ ಬರೆದವನಿಗೆ ‘ಆಯಿತು’ ಎಂಬ ಉತ್ತರ ಸಂದು, ಅವನು ಎದ್ದುಹೋದ ಮೇಲೆ. ಧಾರವಾಡದ ಆ ವಿದ್ಯಾರ್ಥಿ ತನ್ನ ಅರ್ಜಿ ಸ್ವೀಕೃತವಾಯಿತೆಂಬ ಚೀಟಿಯನ್ನು ಕಂಡು ನಿಶ್ಚಿಂತನಾಗಿ ಮಲಗಿದ್ದ. ಅವನ ಸಾಲಿನ ಹಿಂದೆ ರಾಜ್ಯದ ಇತರ ವಿದ್ಯಾರ್ಥಿಗಳ ಸಾಲುಗಳೆಲ್ಲ ಕಟ್ಟಿನಿಂತಿದ್ದವು. ಅಲ್ಲದೆ, ಇಮ್ಯೂಟಬಲ್ ಎಂಬ ನಮ್ಮ ಘೋಷಣೆ ಕೇವಲ ಒಂದು ಮಾತು. ಡೇಟಾಬೇಸು ಅದನ್ನು ಪರೀಕ್ಷಿಸುವುದಿಲ್ಲ, ನಂಬುತ್ತದೆ. ಆ ರಾತ್ರಿಯ ನನ್ನ ಫಂಕ್ಷನ್ನಿಗೂ ನಾನು ಅದೇ ಮುದ್ರೆಯನ್ನು ಒತ್ತಿದ್ದೆ.

ಎರಡನೆಯ ಕಟ್ಟಳೆಯೊಂದಿದೆ. ಸಾಲುಗಳ ತಿದ್ದುಪಡಿಯನ್ನೂ ಅಳಿಸುವಿಕೆಯನ್ನೂ ರವಾನಿಸಬೇಕಾಗಿದ್ದರೆ, ಜರಡಿಯ ಷರತ್ತಿನಲ್ಲಿ ಬರುವ ಕಾಲಂಗಳೆಲ್ಲ ಆ ಟೇಬಲ್ಲಿನ ರೆಪ್ಲಿಕಾ ಐಡೆಂಟಿಟಿಯೊಳಗೆ, ಎಂದರೆ ಸಾಲನ್ನು ಗುರುತಿಸಲು ಕಿರ್ದಿಯಲ್ಲಿ ಬರೆದಿಡುವ ಕಾಲಂಗಳ ಕೂಟದೊಳಗೆ, ಇರಲೇಬೇಕು. ಸೇರ್ಪಡೆಯನ್ನು ಮಾತ್ರ ಕಳುಹಿಸುವಲ್ಲಿ ಈ ನಿರ್ಬಂಧವಿಲ್ಲ. ಒಂದು ಅರ್ಜಿಯ ಜಿಲ್ಲೆ ಧಾರವಾಡದಿಂದ ಗದಗಕ್ಕೆ ಬದಲಾಯಿತೆನ್ನೋಣ. ಧಾರವಾಡದ ಪ್ರತಿಯಲ್ಲಿ ಆ ಸಾಲು ಈಗಾಗಲೇ ಇದೆ. ಹೊಸ ರೂಪ ಅಲ್ಲಿಯ ಷರತ್ತಿಗೆ ಹೊಂದದು. ಇಂಥಲ್ಲಿ ಪೋಸ್ಟ್‌ಗ್ರೆಸ್ ಆ ತಿದ್ದುಪಡಿಯನ್ನು ಧಾರವಾಡಕ್ಕೆ ಅಳಿಸುವಿಕೆಯಾಗಿಯೂ, ಗದಗಕ್ಕೆ ಸೇರ್ಪಡೆಯಾಗಿಯೂ ಮಾರ್ಪಡಿಸಿ ಕಳುಹಿಸುತ್ತದೆ. ಹಳೆಯ ರೂಪವೂ ಹೊಸ ರೂಪವೂ ಹೊಂದಿದರೆ ತಿದ್ದುಪಡಿಯಾಗಿಯೇ ಹೋಗುತ್ತದೆ; ಎರಡೂ ಹೊಂದದಿದ್ದರೆ ಏನೂ ಹೋಗದು. ಈ ವಿವೇಚನೆಗೆ ಹಳೆಯ ಜಿಲ್ಲೆ ಯಾವುದೆಂದು ತಿಳಿದಿರಬೇಕಷ್ಟೆ? ಸಾಮಾನ್ಯವಾಗಿ ಕಿರ್ದಿಯಲ್ಲಿ ಹಳೆಯ ಸಾಲಿನ ಗುರುತಿನ ಕಾಲಂಗಳು ಮಾತ್ರ ಉಳಿಯುವುದರಿಂದ, ಜಿಲ್ಲೆಯೂ ಆ ಗುರುತಿನೊಳಗೆ ಸೇರಿರಬೇಕೆಂದು ನಿಯಮ ವಿಧಿಸುತ್ತದೆ. ಸೇರಿರದಿದ್ದರೆ, ವರ್ಗವಾಗಿ ಹೋದ ಅರ್ಜಿಯೊಂದು ಧಾರವಾಡದ ಪ್ರತಿಯಲ್ಲಿ ಪ್ರೇತದಂತೆ ಉಳಿದುಬಿಡುತ್ತಿತ್ತು. ಎರಡು ಜಿಲ್ಲೆಗಳಲ್ಲಿಯೂ ವೇತನ ಮಂಜೂರಾದರೆ ಆಶ್ಚರ್ಯವಿರಲಿಲ್ಲ.

ಹೀಗೆ ಹೇಳುವಾಗ, ಅನ್ಯ ಡೇಟಾಬೇಸುಗಳು ಹಿಡಿದ ದಾರಿಯನ್ನೂ ನೋಡಬೇಕು. ಮೈಕ್ರೋಸಾಫ್ಟಿನ ಎಸ್‌ಕ್ಯುಎಲ್ ಸರ್ವರಿನ ಮರ್ಜ್ ರೆಪ್ಲಿಕೇಶನ್ನಿನಲ್ಲಿ, ಪ್ರತಿಯನ್ನು ಕೇಳುತ್ತಿರುವವನು ಯಾರು, ಅವನ ಯಂತ್ರದ ಹೆಸರೇನು ಎಂದು ವಿಚಾರಿಸುವ ಫಂಕ್ಷನ್ನುಗಳನ್ನು ಜರಡಿಯೊಳಗೆ ಇಡಬಹುದು; ಒಂದು ಟೇಬಲ್ಲಿನ ಜರಡಿಯನ್ನು ಮತ್ತೊಂದಕ್ಕೆ ವಿಸ್ತರಿಸಲೂ ಬರುತ್ತದೆ. ಅದು ಸುಳ್ಳಲ್ಲ. ಆದರೆ ಆ ಸ್ವಾತಂತ್ರ್ಯವನ್ನು ಹೊರಲು ಅಲ್ಲಿ ಪ್ರತಿಯೊಂದು ಟೇಬಲ್ಲಿಗೂ ಬದಲಾವಣೆಯಾದಾಗಲೆಲ್ಲ ತಾನಾಗಿ ನಡೆಯುವ ಟ್ರಿಗರುಗಳನ್ನು ಕಟ್ಟಿ, ಯಾವ ಸಾಲು ಎಂದು ಬದಲಾಯಿತು, ಯಾರ ಪಾಲಿಗೆ ಸೇರಿತು ಎಂಬುದರ ಪ್ರತ್ಯೇಕ ಲೆಕ್ಕವನ್ನು ಬೇರೆ ಟೇಬಲ್ಲುಗಳಲ್ಲಿ ಸತತವಾಗಿ ಇಡಬೇಕಾಗುತ್ತದೆ. ಮೈಎಸ್‌ಕ್ಯುಎಲ್ಲಿನ ಅನುಭವವೂ ಬೋಧಪ್ರದವಾದದ್ದು. ಅದರ ಹಳೆಯ ಪದ್ಧತಿಯಲ್ಲಿ ಸಾಲುಗಳ ಬದಲಿಗೆ ಆಜ್ಞೆಗಳನ್ನೇ ಪ್ರತಿಮಾಡಿ, ಆ ಕಡೆಯಲ್ಲಿ ಪುನಃ ನಡೆಸುತ್ತಿದ್ದರು. ಒಳಗೆ ಹೊಸ ಗುರುತುಸಂಖ್ಯೆಯನ್ನು ಹುಟ್ಟಿಸುವ ಫಂಕ್ಷನ್ನೊಂದಿದ್ದರೆ ಮೂಲದಲ್ಲೊಂದು ಸಂಖ್ಯೆ, ಪ್ರತಿಯಲ್ಲೊಂದು ಸಂಖ್ಯೆ. ಆದ್ದರಿಂದ, ನಿನ್ನ ಫಂಕ್ಷನ್ನು ನಿಶ್ಚಿತವಾದ ಉತ್ತರವನ್ನೇ ಕೊಡುತ್ತದೆಂದು ಘೋಷಿಸು ಎಂದು ಅದೂ ಬಳಕೆದಾರರನ್ನು ಕೇಳತೊಡಗಿತು, ಕಡೆಗೆ 5.7ರ ಕಾಲಕ್ಕೆ ಸಾಲುಗಳನ್ನೇ ಕಳುಹಿಸುವ ಪದ್ಧತಿಯನ್ನು ರೂಢಿಯ ಪದ್ಧತಿಯಾಗಿ ಅಂಗೀಕರಿಸಿತು.

ಪೋಸ್ಟ್‌ಗ್ರೆಸ್ಸಿನ ಕಟ್ಟಳೆ ಪರಿಪೂರ್ಣವೆಂದು ನಾನು ವಾದಿಸುತ್ತಿಲ್ಲ. ಅದು ಇನ್ನಷ್ಟು ಬಿಗಿಯಾಗಿದ್ದರೂ ನಾನು ಬೇಡವೆನ್ನುತ್ತಿರಲಿಲ್ಲ. ಹುಟ್ಟಿಬಂದ ಚಿಹ್ನೆಗಳಲ್ಲಿ ಭಾಗಾಕಾರವೂ ಒಂದಾದ್ದರಿಂದ, ಷರತ್ತಿನೊಳಗೆ ಭಾಗಿಸುವ ಸಂಖ್ಯೆ ಎಂದಾದರೊಂದು ದಿನ ಸೊನ್ನೆಯಾಯಿತೆಂದರೆ ನನ್ನ ಆ ರಾತ್ರಿ ಮತ್ತೊಬ್ಬರ ಪಾಲಿಗೆ ಬರಬಹುದು. ಸಮ, ಅಸಮ, ಹೆಚ್ಚು, ಕಡಮೆ ಎಂಬ ಹೋಲಿಕೆಗಳ ಆಚೆಗೆ ಜರಡಿಯನ್ನು ಒಯ್ಯಬಾರದೆಂದು ನಾನು ಕಿರಿಯರಿಗೆ ಹೇಳುತ್ತಿರುತ್ತೇನೆ. ಟೇಬಲ್ಲನ್ನು ಒಮ್ಮೆಗೇ ಬರಿದುಮಾಡುವ ಟ್ರಂಕೇಟ್ ಆಜ್ಞೆ ಜರಡಿಯನ್ನು ಲೆಕ್ಕಿಸುವುದೇ ಇಲ್ಲ. ಒಂದೇ ಟೇಬಲ್ಲಿಗೆ ಎರಡು ಪಬ್ಲಿಕೇಶನ್ನುಗಳಲ್ಲಿ, ಎಂದರೆ ಕಳುಹಿಸಬೇಕಾದ ಟೇಬಲ್ಲುಗಳ ಪಟ್ಟಿಗಳಲ್ಲಿ, ಎರಡು ಜರಡಿಗಳಿದ್ದು ಒಬ್ಬನೇ ಎರಡನ್ನೂ ಪಡೆಯುತ್ತಿದ್ದರೆ, ಎರಡರಲ್ಲಿ ಒಂದಕ್ಕೆ ಹೊಂದಿದ ಸಾಲೂ ಹೋಗುತ್ತದೆ. ಮತ್ತು ಜರಡಿ ಬೀಗವಲ್ಲ. ಪ್ರತಿಯನ್ನು ತರಿಸಿಕೊಳ್ಳಲು ಸಂಪರ್ಕ ಪಡೆದ ಸಬ್‌ಸ್ಕ್ರೈಬರು ಅದೇ ಡೇಟಾಬೇಸಿನ ಬೇರೆ ಪಬ್ಲಿಕೇಶನ್ನುಗಳನ್ನೂ ಓದಬಲ್ಲನಾದ್ದರಿಂದ, ಗೋಪ್ಯವಾಗಿರಬೇಕಾದದ್ದನ್ನು ಜರಡಿಯನ್ನು ನಂಬಿ ಬಿಡಬಾರದು.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಖಾಲಿ ಕಾಲಮ್ಮಿನ ವಿಷಯ. ಷರತ್ತಿಗೆ ಹೌದು, ಇಲ್ಲ ಎಂಬ ಎರಡು ಉತ್ತರಗಳಲ್ಲದೆ ‘ತಿಳಿಯದು’ ಎಂಬ ಮೂರನೆಯ ಉತ್ತರವೂ ಉಂಟು. ಜರಡಿ ಅದನ್ನು ಇಲ್ಲವೆಂದೇ ಎಣಿಸುತ್ತದೆ. ಗದಗವನ್ನು ಬಿಟ್ಟು ಉಳಿದ ಜಿಲ್ಲೆಗಳದ್ದನ್ನೆಲ್ಲ ಕಳುಹಿಸು ಎಂದು ಬರೆದರೆ, ಜಿಲ್ಲೆಯ ಕಾಲಂ ಖಾಲಿಯಿರುವ ಅರ್ಜಿ ಗದಗದ್ದಲ್ಲವಾದರೂ ಹೋಗುವುದಿಲ್ಲ. ಎರರ್ ಬರುವುದಿಲ್ಲ, ಲಾಗಿನಲ್ಲಿ ಒಂದಕ್ಷರವೂ ಬೀಳುವುದಿಲ್ಲ. ವಿಳಾಸವನ್ನು ಪೂರ್ತಿ ತುಂಬಲಾಗದೆ ಬಿಟ್ಟವರು ಸಾಮಾನ್ಯವಾಗಿ ಯಾರು? ಬಾಡಿಗೆಯ ಕೋಣೆಯಿಂದ ಕೋಣೆಗೆ ಅಲೆಯುವವರು, ಕಟ್ಟಡದ ಕೆಲಸವನ್ನು ಹಿಂಬಾಲಿಸಿ ಊರು ಬಿಟ್ಟವರು, ಬೇರೊಬ್ಬರ ಕೈಯಿಂದ ಅರ್ಜಿ ತುಂಬಿಸಿದವರು. ನೆರವು ಯಾರಿಗೆ ಹೆಚ್ಚು ಅವಶ್ಯವೋ ಅವರ ಸಾಲುಗಳೇ ಸದ್ದಿಲ್ಲದೆ ಜರಡಿಯ ಮೇಲೆ ಉಳಿಯುತ್ತವೆ. ಆ ಕಾಲಂ ಖಾಲಿ ಬಿಡಲು ಅವಕಾಶವೇ ಇಲ್ಲದಂತೆ ಟೇಬಲ್ಲನ್ನು ಕಟ್ಟುವುದು, ಖಾಲಿಯಿದ್ದದ್ದನ್ನು ‘ಗೊತ್ತಿಲ್ಲ’ ಎಂದು ಸ್ಪಷ್ಟವಾಗಿ ಬರೆಯಿಸಿ ಅದಕ್ಕೂ ಒಂದು ದಾರಿಯನ್ನು ಗೊತ್ತುಮಾಡುವುದು, ಈ ಕೆಲಸವನ್ನು ಕೈಗೊಂಡವರ ಮೊದಲ ಕರ್ತವ್ಯವೆಂದು ತಿಳಿದಿದ್ದೇನೆ.

ಹಾಗಾದರೆ ಪಿನ್ ಕೋಡಿನಿಂದ ಜಿಲ್ಲೆಯನ್ನು ಕಂಡುಹಿಡಿಯುವಂಥ ಜಟಿಲ ವಿಚಾರವನ್ನು ಎಲ್ಲಿ ಇರಿಸುವುದು? ಬರೆಯುವ ಗಳಿಗೆಯಲ್ಲಿ, ಬರೆಯುವವನ ಎದುರಿಗೆ. ಸ್ವಂತ ಫಂಕ್ಷನ್ನು, ಬೇರೆ ಟೇಬಲ್ಲಿನ ಶೋಧನೆ, ಅಂದಿನ ದಿನಾಂಕ, ಏನು ಬೇಕಾದರೂ ಅಲ್ಲಿ ಉಪಯೋಗಿಸಿ, ಬಂದ ನಿರ್ಣಯವನ್ನು ಸಾಲಿನೊಳಗೇ ಒಂದು ಕಾಲಮ್ಮಿನಲ್ಲಿ ಬರೆದಿಡಬೇಕು; ಜರಡಿ ಆ ಕಾಲಮ್ಮನ್ನಷ್ಟೇ ಓದಬೇಕು. ಹದಿನೈದನೆಯ ಆವೃತ್ತಿಗೆ ಬಂದ ಮೇಲೆ ಆ ಕಚೇರಿಯಲ್ಲಿ ಹೀಗೆಯೇ ಮಾಡಿದೆವು. ರವಾನೆಯ ಜಿಲ್ಲೆ ಎಂಬ ಒಂದು ಕಾಲಮ್ಮನ್ನೂ, ಅದನ್ನು ಗೊತ್ತುಮಾಡಿದ ದಿನಾಂಕಕ್ಕೆ ಮತ್ತೊಂದನ್ನೂ ಸೇರಿಸಿ, ಅರ್ಜಿಯ ಸಂಖ್ಯೆಯನ್ನೂ ರವಾನೆಯ ಜಿಲ್ಲೆಯನ್ನೂ ಕೂಡಿಸಿ ಒಂದು ಯುನೀಕ್ ಇಂಡೆಕ್ಸನ್ನು ಕಟ್ಟಿ, ಅದನ್ನೇ ರೆಪ್ಲಿಕಾ ಐಡೆಂಟಿಟಿಯಾಗಿ ನೇಮಿಸಿದೆವು. ಕನ್ನಡದ ಅಂಕಿಯಲ್ಲಿ ಪಿನ್ ಕೋಡು ಬರೆದವರ ಅರ್ಜಿ ಈಗ ದಾಖಲಾಗುವಾಗಲೇ ಸರಿಯಾದ ಜಿಲ್ಲೆಯನ್ನು ಪಡೆಯುತ್ತದೆ.

ಅದಾದ ಕೆಲವು ತಿಂಗಳಿಗೆ ಧಾರವಾಡದಿಂದ ಒಬ್ಬ ಗುಮಾಸ್ತರು ಫೋನು ಮಾಡಿದರು: “ಸರ್, ಒಂದು ಹುಡುಗಿ ಅರ್ಜಿ ಹೋದ ವಾರ ನಮ್ಮಲ್ಲಿ ಇತ್ತ್ರಿ, ಇವತ್ತ ನೋಡಿದ್ರ ಇಲ್ಲ. ಆಕಿ ತಂದಿ ಇಲ್ಲೇ ಎದುರಿಗೆ ಕುಂತಾರ.” ಅರ್ಜಿಯ ಸಂಖ್ಯೆಯನ್ನು ಕೇಳಿ ಸಾಲನ್ನು ತೆರೆದೆ. ಮನೆ ಬದಲಾಯಿಸಿದ್ದರಿಂದ ಆಕೆಯೇ ವಿಳಾಸವನ್ನು ತಿದ್ದಿದ್ದಳು. ರವಾನೆಯ ಜಿಲ್ಲೆಯ ಕಾಲಮ್ಮಿನಲ್ಲಿ ‘ಗದಗ’ ಎಂದಿತ್ತು, ಪಕ್ಕದಲ್ಲಿ ಹಿಂದಿನ ಸೋಮವಾರದ ದಿನಾಂಕ. ಅದನ್ನು ಓದಿ ಹೇಳಿದೆ. ಗುಮಾಸ್ತರು ಫೋನನ್ನು ಕಿವಿಯಲ್ಲಿ ಹಿಡಿದೇ ಆ ತಂದೆಗೆ, ಅರ್ಜಿ ಎಲ್ಲಿಯೂ ಕಳೆದಿಲ್ಲ, ಗದಗಿನಲ್ಲಿದೆ ಎಂದು ತಿಳಿಸಿ, ಅಲ್ಲಿಯ ಕಚೇರಿಯ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರು.